ತಪ್ಪನ್ನೂ ಬರೆದಿಡು, ಪುಟ್ಟಿ

ಸೋಮವಾರಪೇಟೆ

ಪ್ರೀತಿಯ ಪುಟ್ಟಿ,

ನಿನ್ನ ಫೋನ್ ಬಂದ ಮೇಲೆ ದೊಡ್ಡಮ್ಮ ಸರಿಯಾಗಿ ಊಟ ಮಾಡಲಿಲ್ಲ. ಮೂರು ದಿನದಿಂದ ಕಂಪ್ಯೂಟರ್ ಪ್ರೋಗ್ರಾಂ ಓಡುತ್ತಿಲ್ಲ, ಈ ಓದು ನನಗಲ್ಲ ಅಂದೆಯಂತೆ. ಓದು ಬಿಡುವ ಮಾತು ಆಮೇಲೆ. ಆ ಮೂರು ದಿನ ಏನೇನು ಮಾಡಿ ನೋಡಿದೆ, ಎಲ್ಲಾದರೂ ಬರೆದಿದ್ದೀಯಾ? ಇಲ್ಲ ಅಲ್ವಾ?

ಗ್ರೇಸ್ ಹಾಪರ್ ಹೆಸರು ಕೇಳಿರುತ್ತೀಯ, ಕಂಪ್ಯೂಟರ್ ಪ್ರೋಗ್ರಾಂ ಬರೆದ ಮೊದಲಿಗರಲ್ಲಿ ಒಬ್ಬರು. ಲ್ಯಾಟಿನ್‌ನಲ್ಲಿ ಫೇಲಾಗಿ ಕಾಲೇಜಿಗೆ ಒಂದು ವರ್ಷ ತಡವಾಗಿ ಸೇರಿದವರು. ತೂಕ ಕಮ್ಮಿ ಅಂತ ಅಮೆರಿಕದ ನೌಕಾಪಡೆ ತಕರಾರು ಮಾಡಿತು. ವಿನಾಯಿತಿ ಕೇಳಿ 1943ರಲ್ಲಿ ಸೇರಿಕೊಂಡರು. ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದಾಗ ವಯಸ್ಸು 79! ಮನೆಗೊಬ್ಬ ಮಿಲಿಟರಿಯವನಿರುವ ನಮ್ಮ ಕೊಡಗಿನಲ್ಲೂ ಇಂಥ ಅಜ್ಜಿಯನ್ನು ನಾನು ಕಂಡಿಲ್ಲ.

1947ರ ಸೆಪ್ಟೆಂಬರ್ 9ರಂದು ಅವರು ಕೆಲಸ ಮಾಡುತ್ತಿದ್ದ ಹಾರ್ವರ್ಡ್‌ನ ಮಾರ್ಕ್ 2 ಕಂಪ್ಯೂಟರ್ ಕೈಕೊಟ್ಟಿತು. ಬಿಚ್ಚಿ ನೋಡಿದರೆ 70ನೇ ರಿಲೇಯಲ್ಲಿ, ಅಂದರೆ ಒಂದು ವಿದ್ಯುತ್ ಸ್ವಿಚ್ಚಿನಲ್ಲಿ, ಒಂದು ಪತಂಗ ಸಿಕ್ಕಿಕೊಂಡಿತ್ತು. ಅದನ್ನು ಹಿಡಿದದ್ದು ಹಾಪರ್ ಅಲ್ಲ, ಜೊತೆಯವರು. ಯಂತ್ರದ ದೋಷಕ್ಕೆ ಇಂಗ್ಲಿಷಿನಲ್ಲಿ ಬಗ್, ಅಂದರೆ ಹುಳ, ಅನ್ನುವ ಮಾತು ಮೊದಲೇ ಇತ್ತು. ಅದಕ್ಕೇ ಪತಂಗವನ್ನು ದಿನಚರಿ ಪುಸ್ತಕಕ್ಕೆ ಟೇಪ್ ಹಾಕಿ ಅಂಟಿಸಿ, ನಿಜವಾದ ಹುಳ ಸಿಕ್ಕಿದ್ದು ಇದೇ ಮೊದಲು ಅಂತ ತಮಾಷೆಗೆ ಬರೆದಿಟ್ಟರು.

ಆದರೆ ನನಗೆ ಪತಂಗಕ್ಕಿಂತ ಇನ್ನೊಂದು ಸಂಗತಿ ಜಾಸ್ತಿ ಇಷ್ಟ. ಆಗ ಸರಿಯಾಗಿ ಓಡಿದ ಪ್ರೋಗ್ರಾಂ ತುಣುಕುಗಳನ್ನು ನೋಟ್‌ಬುಕ್‌ಗಳಲ್ಲಿ ಬರೆದಿಟ್ಟು, ಬೇಕಾದಾಗ ಕೈಯಲ್ಲೇ ನಕಲು ಮಾಡುತ್ತಿದ್ದರು. ನಕಲು ಮಾಡುವಾಗ ತಪ್ಪು. ಕಂಪ್ಯೂಟರಿನ ನೆನಪಿನಲ್ಲಿ ಯಾವುದು ಎಲ್ಲಿದೆ ಅನ್ನುವ ವಿಳಾಸದ ಸಂಖ್ಯೆ ಕೂಡಿಸುವಾಗಲೂ ತಪ್ಪು. ಮತ್ತೆ ಮತ್ತೆ ಇದೇ ತಪ್ಪುಗಳು. ಹಾಗಾದರೆ ಈ ನಕಲು, ಈ ಕೂಡುವಿಕೆ ಯಂತ್ರವೇ ಮಾಡಲಿ ಅಂತ ಹಾಪರ್ ಹೊರಟು, 1952ರ ಹೊತ್ತಿಗೆ ಎ-0 ಕಂಪೈಲರ್ ಮಾಡಿದರು, ಅಂದರೆ ತುಣುಕುಗಳನ್ನು ತಾನೇ ಜೋಡಿಸಿ ಪ್ರೋಗ್ರಾಂ ಮಾಡಿಕೊಡುವ ಪ್ರೋಗ್ರಾಂ. ಕಂಪ್ಯೂಟರ್ ಬರೀ ಲೆಕ್ಕ ಮಾಡುತ್ತೆ, ಪ್ರೋಗ್ರಾಂ ಹೇಗೆ ಬರೆದೀತು ಅಂತ ಜನ ನಂಬಲೇ ಇಲ್ಲ. ಇವತ್ತು ನಿನ್ನನ್ನು ಬೈಯುವ ಕಂಪೈಲರ್‌ಗೆ ಅದೇ ಮುತ್ತಜ್ಜಿ.

ದಿನದಿನದ ಮಳೆ ಬರೆದಿಡುವ ನನ್ನ ಮಳೆ ಪುಸ್ತಕ ನೋಡಿ ನೀನು ನಗುತ್ತಿದ್ದೆ. ಒಂದು ವರ್ಷ ನೆನಪಿರುತ್ತೆ ಬಿಡು ಅಂತ ಕಾಫಿ ಹೂ ಅರಳಿಸುವ ಹೂ ಮಳೆ ಬಿದ್ದ ತಾರೀಕು ಬರೆಯಲಿಲ್ಲ. ಆಮೇಲೆ ರೊಬಸ್ಟಾ ಕಾಫಿಗೆ ಎರಡನೇ ನೀರು ಯಾವಾಗ ಕೊಡಬೇಕು ಅನ್ನುವುದು ತಪ್ಪಿತು. ಕಾಯಿ ಸರಿಯಾಗಿ ಕಚ್ಚಲಿಲ್ಲ. ಸುಮ್ನೆ ಹೋಯಿತು ಒಂದು ವರ್ಷದ ದುಡಿಮೆ.

ಹಾಗಾಗಿ ಒಂದು ನೋಟ್‌ಬುಕ್ ತಗೋ. ಏನು ಬದಲಿಸಿದೆ, ಏನಾಯಿತು, ಎಷ್ಟು ಗಂಟೆಗೆ, ಅಷ್ಟೇ ಸಾಕು. ಒಂದು ತಿಂಗಳು ಬರೆದು ತಾ. ಯಾವ ತಪ್ಪು ಮತ್ತೆ ಮತ್ತೆ ಬರುತ್ತೆ ಅಂತ ಇಬ್ಬರೂ ಕೂತು ನೋಡೋಣ. ಆಮೇಲೂ ಬಿಡಬೇಕು ಅನ್ನಿಸಿದರೆ ನಿನ್ನ ಅಪ್ಪನ ಹತ್ತಿರ ನಾನೇ ಮಾತಾಡುತ್ತೇನೆ.

ನಿನ್ನೆ ಇಲ್ಲಿ 2 ಇಂಚು 40 ಸೆಂಟ್ ಮಳೆ. ಕರೆಂಟ್ ಇಲ್ಲ.

ನಿನ್ನ ದೊಡ್ಡಪ್ಪ