ಸಿಪ್ಯಾಪ್ ಪ್ರೆಶರ್ ಒಂದ್ಸಲ ಸೆಟ್ ಮಾಡಿ ಮರೆಯೋದಲ್ಲ

ಸಂಪಾದಕರೇ,

ಗೊರಕೆ, ಸ್ಲೀಪ್ ಆಪ್ನಿಯಾ (ನಿದ್ದೇಲಿ ಮತ್ತೆ ಮತ್ತೆ ಉಸಿರು ನಿಲ್ಲೋ ತೊಂದರೆ) ಬಗ್ಗೆ ಬರೆಯೋರು ಸಿಪ್ಯಾಪ್ ಮಷೀನ್, ಅಂದ್ರೆ ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಬಿಟ್ಟು ಉಸಿರಿನ ದಾರಿ ತೆರೆದಿಡೋ ಯಂತ್ರ, ಹಾಕ್ಕೊಳ್ಳಿ ಅನ್ನೋವರೆಗೆ ಹೇಳ್ತಾರೆ, ಆಮೇಲಿನ ಕಥೆ ಯಾರೂ ಹೇಳಲ್ಲ. ನಂಗೆ ಮೊದಲು ಗಾಳಿಯ ಪ್ರೆಶರ್ನ 8 ಸೆಂಟಿಮೀಟರ್ ನೀರಿನ ಒತ್ತಡಕ್ಕೆ (ಈ ಮಷೀನಿನ ಪ್ರೆಶರ್ ಅಳೆಯೋದು ಹೀಗೇ) ಸೆಟ್ ಮಾಡಿದ್ರು, ಎರಡು ವರ್ಷ ಚೆನ್ನಾಗೇ ನಿದ್ದೆ ಬಂತು, ಆಮೇಲೆ ತೂಕ ಏರ್ತು ನೋಡಿ, ಮತ್ತೆ ಬೆಳಗ್ಗೆ ತಲೆನೋವು, ಮಧ್ಯಾಹ್ನ ಕೂತಲ್ಲೇ ತೂಕಡಿಕೆ, ಮಷೀನೇ ಕೆಟ್ಟಿದೆ ಅಂದ್ಕೊಂಡೆ. ಡಾಕ್ಟ್ರು ಡೇಟಾ ತೆಗೆದು ನೋಡಿದ್ರೆ ಎಎಚ್‌ಐ, ಅಂದ್ರೆ ಗಂಟೆಗೆ ಎಷ್ಟು ಸಲ ಉಸಿರು ನಿಲ್ಲತ್ತೆ ಇಲ್ಲಾ ಕಮ್ಮಿಯಾಗತ್ತೆ ಅನ್ನೋ ಲೆಕ್ಕ, 5ರ ಒಳಗಿರ್ಬೇಕಾದ್ದು 11 ಇತ್ತು. ಮೊದಲು ಮಾಸ್ಕ್ ಲೀಕ್ ನೋಡಿದ್ರು (ಹಳೇ ಕುಶನ್, ಮೂಗಿನ ಪಕ್ಕ ಸುಯ್ ಅಂತಿತ್ತು), ಅದನ್ನ ಬದಲಿಸಿದ್ಮೇಲೂ ಸಾಲ್ದೆ ಪ್ರೆಶರ್ 10ಕ್ಕೆ ಏರಿಸಿದ್ರು.

ಹಾಗಂತ ಜಾಸ್ತಿ ಇಟ್ಟಷ್ಟೂ ಒಳ್ಳೇದಲ್ಲ. ನಾನೇ ಅತಿಬುದ್ಧಿ ಉಪಯೋಗಿಸಿ ಒಂದು ರಾತ್ರಿ 14 ಇಟ್ಟೆ, ಹೊಟ್ಟೆ ತುಂಬ ಗಾಳಿ, ಬೆಳಗಾಗೋವರೆಗೂ ತೇಗು! ಕೆಲವರಿಗೆ ಮೆದುಳೇ ಉಸಿರಾಡು ಅಂತ ಸಿಗ್ನಲ್ ಕೊಡದ ಸೆಂಟ್ರಲ್ ಆಪ್ನಿಯಾನೂ ಶುರುವಾಗಬಹುದಂತೆ. ತೂಕ ಇಳಿಸಿದೋರಿಗೆ ಪ್ರೆಶರ್ ಕಮ್ಮಿ ಮಾಡಬೇಕಾಗಬಹುದು. ನಿಮ್ಮ ಆರೋಗ್ಯ ಪುಟದಲ್ಲಿ ಯಾರಾದ್ರೂ ತಜ್ಞರ ಕೈಲಿ ಇದನ್ನ ಬಿಡಿಸಿ ಬರೆಸಿ, ಎಷ್ಟೋ ಜನ ಮಷೀನ್ನ ಬೀರುವಿಗೆ ಹಾಕಿ ಕೂತಿದ್ದಾರೆ.

ಇತಿ,
ನಿಮ್ಮ ಓದುಗ