ಕರಿ ಹೇಂಟೆಯನ್ನು ಮತ್ತೆ ಗುಂಪಿಗೆ ಸೇರಿಸುವ ಬಗ್ಗೆ

ತೀರ್ಥಹಳ್ಳಿ

ಚಿ. ಸೌ. ಪುಟ್ಟಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಉಭಯ ಕುಶಲೋಪರಿ. ನಿನ್ನ ಕಾಗದ ತಲುಪಿತು. ನಾಯಿ ಬಾಯಿಂದ ಬಿಡಿಸಿದ ಹೇಂಟೆಯನ್ನು ಬಚ್ಚಲುಮನೆ ಮೂಲೆಯಲ್ಲಿ ತಿಂಗಳುಗಟ್ಟಲೆ ಇಟ್ಟುಕೊಂಡು ಬದುಕಿಸಿದ್ದೀಯಲ್ಲ, ಬಹಳ ಜನ ಆ ತಾಪತ್ರಯ ಬೇಡ ಅಂತ ಅವತ್ತೇ ಸಾರು ಮಾಡಿಬಿಡುತ್ತಿದ್ದರು. ಈಗ ಗೂಡಿಗೆ ಬಿಟ್ಟರೆ ಉಳಿದವೆಲ್ಲ ಅಟ್ಟಾಡಿಸಿ ಕುಟುಕುತ್ತವೆ, ಒಟ್ಟಿಗೇ ಬೆಳೆದವು ಇಷ್ಟು ಬೇಗ ಮರೆತವಾ ಅಂತ ಕೇಳಿದ್ದೀಯ.

ಹೌದು, ಮರೆತಿವೆ. ಕೋಳಿ ಇನ್ನೊಂದು ಕೋಳಿಯನ್ನು ಗುರುತು ಹಿಡಿಯುವುದು ತಲೆ, ಜುಟ್ಟು ನೋಡಿ. ಎರಡು ಮೂರು ವಾರ ಕಣ್ಣಿಗೆ ಬೀಳದಿದ್ದರೆ ಗುರುತು ಹೋಗುತ್ತದೆ. ಅದರ ಮೇಲೆ, ಕಾಯಿಲೆ ಬಿದ್ದ ಹೇಂಟೆಯ ಜುಟ್ಟು ಬಿಳಿಚಿ ಸಣ್ಣಗಾಗಿರುತ್ತದೆ. ಉಳಿದವಕ್ಕೆ ಅದು ಯಾವುದೋ ಪರ ಊರಿನ ಕೋಳಿ. ಇನ್ನೊಂದು ವಿಷಯ: ಗುಂಪಿನಲ್ಲಿ ಯಾರು ಯಾರಿಗೆ ಕುಟುಕಬಹುದು ಅನ್ನುವ ಒಂದು ಸಾಲು ಇರುತ್ತದೆ. ನಾರ್ವೆ ದೇಶದ ಶೆಲ್ಡೆರುಪ್ ಎಬ್ಬೆ ಅನ್ನುವವನು ಚಿಕ್ಕವನಿದ್ದಾಗಿಂದ ಕೋಳಿಗಳನ್ನೇ ನೋಡಿಕೊಂಡಿದ್ದು, 1921ರಲ್ಲಿ ಅದರ ಮೇಲೇ ಪ್ರಬಂಧ ಬರೆದ. ನಮ್ಮ ಅಜ್ಜಿಯರಿಗೂ ಗೊತ್ತಿದ್ದ ಸಂಗತಿಯೇ, ಆದರೆ ಅವನು ಕೂತು ಲೆಕ್ಕ ಇಟ್ಟ. ನಿನ್ನ ಕರಿ ಹೇಂಟೆಯ ಕತೆ ಶಿವಮೊಗ್ಗ ಬಸ್ಸಿನಿಂದ ಟೀ ಕುಡಿಯಲು ಇಳಿದವರ ಕತೆ. ವಾಪಸ್ ಹತ್ತುವಾಗ ಸೀಟಿನಲ್ಲಿ ಬೇರೆಯವರು ಕೂತಿರುತ್ತಾರೆ. ಎದ್ದೇಳಿ ಅಂದರೆ ಜಗಳ ಆಗದೆ ಇರುತ್ತದಾ?

ಆ ಜಗಳ ಆಗಲೇಬೇಕು. ನೀನು ಕೋಲು ಹಿಡಿದು ಪ್ರತಿ ಸಲ ಮಧ್ಯೆ ಹೋದರೆ ತೀರ್ಮಾನ ಆಗುವುದೇ ಇಲ್ಲ, ಮಾರನೇ ದಿನ ಮೊದಲಿಂದ ಶುರು. ಸೋತದ್ದಕ್ಕೆ ಓಡಿಹೋಗಲು ಜಾಗ ಇದೆಯಾ, ಹೊಟ್ಟೆಗೆ ಸಿಗುತ್ತಿದೆಯಾ, ರಕ್ತ ಬಂತಾ, ಈ ಮೂರನ್ನು ನೀನು ನೋಡಿಕೋ. ಉಳಿದದ್ದು ಅವುಗಳ ವ್ಯವಹಾರ.

ಮೊದಲು ಮಂಕರಿ ತೆಗಿ, ಅದೇ ಕೋಳಿ ಮುಚ್ಚಿಡುವ ಸಂದಿ ಸಂದಿಯ ಬಿದಿರು ಬುಟ್ಟಿ. ಬೆಳಿಗ್ಗೆ ಅಂಗಳದಲ್ಲಿ ಕರಿ ಹೇಂಟೆಯನ್ನು ಅದರಡಿ ಹಾಕಿ, ಮೇಲೊಂದು ಕಲ್ಲು ಹೇರಿಡು. ಒಳಗೆ ಒಂದು ಹಿಡಿ ನುಚ್ಚು, ಹೊರಗೆ ಮಂಕರಿ ಸುತ್ತಲೂ ನುಚ್ಚು. ಒಳಗಿನದೂ ಹೊರಗಿನವೂ ಹತ್ತಿರ ಹತ್ತಿರ ತಿನ್ನಬೇಕು, ಕೊಕ್ಕು ಮಾತ್ರ ತಾಗಬಾರದು. ಮೊದಲ ದಿನ ಒಂದೆರಡು ಬಂದು ಕತ್ತಿನ ಪುಕ್ಕ ಛತ್ರಿ ಹಾಗೆ ಬಿಡಿಸಿ, ಕಣ್ಣು ಕೀಲಿಸಿ ನಿಲ್ಲುತ್ತವೆ. ಬಿದಿರಿನ ಸಂದಿಯಲ್ಲಿ ಟಕ್ ಅಂತ ಒಂದು ಏಟು ಹಾಕುತ್ತವೆ. ಒಂದು ವಾರ ಹೀಗೇ ನಡೆಸು. ಹೊರಗಿನವು ಮಂಕರಿ ಕಡೆ ತಿರುಗಿಯೂ ನೋಡದೆ ಕೆದಕಿಕೊಂಡು ಹೋಗುತ್ತವಲ್ಲ, ಆಗ ಬಿಡುವ ಹೊತ್ತು ಬಂತು ಅಂತ ತಿಳಿ. ಕೆಲವರು ಕಾಲಿಗೆ ಹಗ್ಗ ಕಟ್ಟಿ ಅಂಗಳದಲ್ಲಿ ಬಿಡುತ್ತಾರೆ. ದಯವಿಟ್ಟು ಅದು ಬೇಡ. ಓಡಲಾಗದ ಕೋಳಿಗೆ ತಲೆ ಪೂರಾ ಗಾಯ ಆಗುತ್ತದೆ.

ಕತ್ತಲಾದ ಮೇಲೆ ಗೂಡಿನಲ್ಲಿ ಕೂರಿಸಿದರೆ ಸಾಕು, ಬೆಳಿಗ್ಗೆ ಎಲ್ಲ ಸರಿಹೋಗಿರುತ್ತದೆ ಅಂತ ಅಲ್ಲಿಯ ಹೆಂಗಸರು ಹೇಳಿದರು ಅಂದೆ. ಅರ್ಧ ನಿಜ. ಕೋಳಿಗೆ ಕತ್ತಲಲ್ಲಿ ಕಣ್ಣು ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ರಾತ್ರಿ ಗಲಾಟೆ ಇಲ್ಲ. ಕೂರುವ ಕೋಲಿನ ಮೇಲೆ ಒಂದೊಂದಕ್ಕೆ ಗೇಣು ಜಾಗ ಆದರೂ ಇರಲಿ. ಆದರೆ ಬೆಳಕು ಹರಿದ ಕೂಡಲೇ ಲೆಕ್ಕಾಚಾರ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ನೀನು ಎದ್ದು ಬಾಗಿಲು ತೆಗೆದಿರಬೇಕು. ಮುಚ್ಚಿದ ಗೂಡಿನಲ್ಲಿ ಆರು ಸೇರಿ ಒಂದನ್ನು ಹಿಡಿದುಕೊಂಡರೆ ಅದರ ಗತಿ ಮುಗೀತು.

ನುಚ್ಚು ನೀರು ಒಂದೇ ಕಡೆ ಇಡಬೇಡ. ಅಂಗಳದಲ್ಲಿ ಒಂದು, ಕೊಟ್ಟಿಗೆ ಹಿಂದೆ ಒಂದು, ಸೌದೆ ರಾಶಿ ಪಕ್ಕ ಒಂದು. ಜೋರಿನ ಹೇಂಟೆ ಒಂದನ್ನು ಕಾಯಬಹುದು, ಮೂರನ್ನು ಕಾಯಲು ಆಗುವುದಿಲ್ಲ. ಅಲ್ಲಲ್ಲಿ ಹಳೇ ಬುಟ್ಟಿ ಮಗುಚಿಡು, ಹಲಗೆ ಒರಗಿಸಿಡು. ಕಣ್ಣಿಗೆ ಮರೆಯಾದರೆ ಅಟ್ಟುವುದನ್ನೂ ಬಿಡುತ್ತವೆ.

ಎರಡು ಏಟು ತಿಂದು, ತಲೆ ತಗ್ಗಿಸಿ ಪಕ್ಕಕ್ಕೆ ಸರಿದರೆ ಅದು ಒಪ್ಪಿಕೊಂಡ ಹಾಗೆ. ಹೆದರಬೇಡ, ಒಂದು ವಾರದೊಳಗೆ ತಣ್ಣಗಾಗುತ್ತದೆ. ಹುಂಜ ಇದ್ದರೆ ಎಷ್ಟೋ ಸಲ ಅದೇ ಮಧ್ಯೆ ನುಗ್ಗಿ ಬಿಡಿಸುತ್ತದೆ. ಆದರೆ ಜುಟ್ಟಿನ ಮೇಲೆ ಸಾಸಿವೆ ಕಾಳಷ್ಟು ರಕ್ತ ಕಂಡರೂ ತಡ ಮಾಡಬೇಡ. ಕೆಂಪು ಕಂಡರೆ ಸುಮ್ಮನೆ ಮೂಲೆಯಲ್ಲಿದ್ದ ಕೋಳಿಯೂ ಬಂದು ಕುಕ್ಕುತ್ತದೆ. ಎತ್ತಿಕೊಂಡು ಬಂದು ತೊಳೆದು, ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ದಪ್ಪಗೆ ಹಚ್ಚು. ಗಾಯ ಒಣಗುವ ತನಕ ಮತ್ತೆ ಮಂಕರಿ.

ಗುಂಪಿನಲ್ಲಿ ಕೆಂಚಿ ಹೇಂಟೆ ಒಂದೇ ಜಾಸ್ತಿ ಹಾರಾಡುತ್ತದೆ ಅಂದೆಯಲ್ಲ. ಹಾಗಿದ್ದರೆ ಕರಿಯದನ್ನು ಬಚ್ಚಿಡುವ ಬದಲು ಕೆಂಚಿಯನ್ನೇ ನಾಲ್ಕು ದಿನ ಕಣ್ಣಿಗೆ ಬೀಳದ ಕಡೆ ಕೂಡಿ ಹಾಕು. ವಾಪಸ್ ಬರುವಾಗ ಅದರ ಜಾಗ ಬೇರೆಯವರ ಪಾಲಾಗಿರುತ್ತದೆ, ಸೊಕ್ಕು ಇಳಿದಿರುತ್ತದೆ. ನನಗೆ ಇದಕ್ಕಿಂತ ಒಳ್ಳೆ ಉಪಾಯ ಗೊತ್ತಿಲ್ಲ.

ಈಗ ಪುಷ್ಯ ಮಳೆ ಬೇರೆ. ದಿನವಿಡೀ ಗೂಡಿನಲ್ಲೇ ಒತ್ತಿಕೊಂಡು ಕೂತ ಕೋಳಿಗಳಿಗೆ ಕುಟುಕುವುದು ಬಿಟ್ಟು ಬೇರೆ ಕೆಲಸ ಏನಿದೆ? ಹೊಳವಾಗುವವರೆಗೆ ಕಾಯಿ. ಅಷ್ಟರಲ್ಲಿ ತೋಟದಿಂದ ಗೆದ್ದಲು ಹತ್ತಿದ ಕಟ್ಟಿಗೆ ತುಂಡು ತಂದು ಗೂಡಿನಲ್ಲಿ ಹಾಕು, ಮೀನು ತಂದ ದಿನ ತಲೆ ಬೇಯಿಸಿ ಹಾಕು. ಬರೀ ನುಚ್ಚು ತಿಂದ ಕೋಳಿ ಸತ್ವ ಸಾಲದೆಯೂ ಪುಕ್ಕ ಕೀಳುತ್ತದೆ. ಸೊಪ್ಪಿನ ಕಟ್ಟೊಂದನ್ನು ಎತ್ತರದಲ್ಲಿ ನೇತುಹಾಕಿದರೆ ಅದನ್ನು ಹಾರಿ ಹಾರಿ ಕುಟುಕುತ್ತವೆ.

ಸಂತೆಯಿಂದ ಗಿರಿರಾಜ ತಳಿಯ ಎರಡು ಕೋಳಿ ತರುವ ಯೋಚನೆ ಇದೆ ಅಂದೆ. ತಾ, ಆದರೆ ತಂದ ದಿನವೇ ಸೇರಿಸಬೇಡ. ಅವು ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಅನ್ನುವ ಅಂಟುರೋಗ, ಹೊತ್ತು ತಂದರೆ ಇಡೀ ಗೂಡೇ ಖಾಲಿ. ಮೂರು ವಾರ ದೂರ, ಬೇರೆ ಪಾತ್ರೆ, ಬೇರೆ ನೀರು. ಪಶು ಆಸ್ಪತ್ರೆಯಲ್ಲಿ ಲಸಿಕೆ ವಿಚಾರಿಸು. ಒಂದು ತರುವುದಕ್ಕಿಂತ ಎರಡು ತರುವುದು ವಾಸಿ, ಏಟು ಹಂಚಿಹೋಗುತ್ತದೆ.

ನಮ್ಮಲ್ಲಿ ಮಂಕರಿ ಎರಡಿವೆ. ನಿನ್ನ ಯಜಮಾನರು ಈ ಕಡೆ ಬಂದರೆ ಒಂದು ಒಯ್ಯಲು ಹೇಳು. ಮಕ್ಕಳಿಗೆ ಆಶೀರ್ವಾದ.

ಇಂತಿ,
ನಿನ್ನ ಅತ್ತೆ