ಕಾದಂಬರಿಯಲ್ಲಿ ನಮ್ಮ ಸೀಮೆ ಸರಿಯಾಗಿ ಬರಲಿ

ಮಾನ್ಯರೇ,

ವಿಜಯನಗರ, ರಾಯಚೂರು ದೋಆಬ್ (ಕೃಷ್ಣಾ, ತುಂಗಭದ್ರಾ ಹೊಳೆಗಳ ನಡುವಿನ ಸೀಮೆ), ನಿಜಾಮನ ಆಡಳಿತ ಇವನ್ನು ವಸ್ತು ಮಾಡಿಕೊಂಡ ಕಾದಂಬರಿಗಳನ್ನು ಈಗ ಜನ ಕೊಂಡು ಓದುತ್ತಿದ್ದಾರೆ. ಸಂಡೂರಿನ ವಸುಧೇಂದ್ರರ ‘ತೇಜೋ-ತುಂಗಭದ್ರಾ’ (2019) ಲಿಸ್ಬನ್ನಿನ ನದಿಯನ್ನೂ ನಮ್ಮ ಹೊಳೆಯನ್ನೂ ಒಂದೇ ಕಥೆಗೆ ತಂದಾಗ ಈ ಭಾಗದ ಓದುಗರಿಗೆ ಆದ ಹಿಗ್ಗು ಸಣ್ಣದಲ್ಲ. ಆದರೆ ಈಚೆಗೆ ಓದಿದ ಬೇರೆ ಕೆಲವು ಜನಪ್ರಿಯ ಕಾದಂಬರಿಗಳಲ್ಲಿ ಕಥೆ ಚೆನ್ನಾಗಿ ಓಡುತ್ತದೆ, ನೆಲ ಮಾತ್ರ ನಮ್ಮದು ಅನ್ನಿಸುವುದಿಲ್ಲ.

ಕೃಷ್ಣದೇವರಾಯನ ಕಾಲದ (1509–1529) ಊಟದ ಪಂಕ್ತಿಯಲ್ಲಿ ಶೇಂಗಾ ಹಿಂಡಿ, ಕೆಂಪು ಖಾರ, ಟೊಮೆಟೊ ಸಾರು ಬಡಿಸಲಾಗುತ್ತದೆ. ಮೆಣಸಿನಕಾಯಿ, ಶೇಂಗಾ, ಟೊಮೆಟೊ, ಆಲೂಗಡ್ಡೆ, ಗೋವಿನಜೋಳ ಎಲ್ಲವೂ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರು ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಗೋವೆ ಹಿಡಿದದ್ದು 1510ರಲ್ಲಿ. ಬಂದರಿನಲ್ಲಿ ಮೆಣಸಿನಕಾಯಿ ಇಳಿದಿರಬಹುದು. ಅಷ್ಟರೊಳಗೆ ಆನೆಗೊಂದಿಯ ಮನೆಮನೆಯ ಒರಳಿಗೆ ಬಂದಿರಲಿಕ್ಕಿಲ್ಲ. ಆಗ ಖಾರಕ್ಕೆ ಕಾಳುಮೆಣಸು, ಹಿಪ್ಪಲಿ, ಶುಂಠಿ ಇದ್ದವು. ಹಿಂಡಿಗೆ ಎಳ್ಳು, ಅಗಸೆ ಸಾಕು. ಜೋಳದ ರೊಟ್ಟಿ, ಸಜ್ಜೆ ರೊಟ್ಟಿಗಂತೂ ಯಾವ ಅಡ್ಡಿಯೂ ಇಲ್ಲ.

ಹೊಳೆ ದಾಟುವ ಪ್ರಸಂಗಗಳಲ್ಲಿ ಹಾಯಿ ಕಟ್ಟಿದ ಮರದ ದೋಣಿ ಬರುತ್ತದೆ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕಣ್ಣಾರೆ ಕಂಡು ಬರೆದದ್ದು ಹರಿಗೋಲನ್ನು: ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು, 15–20 ಜನ ಹಿಡಿಯುವಷ್ಟು. ಹುಟ್ಟು ಹಾಕಿದಂತೆಲ್ಲ ಅದು ಗಿರಗಿರ ತಿರುಗುತ್ತಲೇ ಸಾಗುತ್ತದೆ. ಕುದುರೆ, ಎತ್ತುಗಳನ್ನೂ ಹತ್ತಿಸಬಹುದಿತ್ತು, ಆದರೆ ಹೆಚ್ಚಾಗಿ ಅವು ಈಜಿಯೇ ದಾಟುತ್ತಿದ್ದವು.

ಕೃಷ್ಣದೇವರಾಯ ಬಿಜಾಪುರದ ಸುಲ್ತಾನನ ಮೇಲೆ ಗೆದ್ದ 1520ರ ರಾಯಚೂರು ಯುದ್ಧವನ್ನು ಒಬ್ಬ ನಾಯಕ ಒಂಟಿಯಾಗಿ ಕೋಟೆ ಹತ್ತಿ ಗೆಲ್ಲುವಂತೆ, ದಂಡು ಮಳೆಯ ಕೆಸರಿನಲ್ಲಿ ಹೂತುಕೊಳ್ಳುವಂತೆ ಬರೆಯುವುದುಂಟು. ನೂನಿಜ್ ಎಂಬ ಇನ್ನೊಬ್ಬ ಪೋರ್ಚುಗೀಸ್ ಬರಹಗಾರನ ಪ್ರಕಾರ ಯುದ್ಧ ನಡೆದದ್ದು ಮೇ ತಿಂಗಳಲ್ಲಿ. ಮೇ ತಿಂಗಳ ರಾಯಚೂರಿನಲ್ಲಿ ದಂಡಿಗೆ ಕೆಸರಿನ ಚಿಂತೆಯಲ್ಲ, ಕುಡಿಯುವ ನೀರಿನ ಚಿಂತೆ. ಮುತ್ತಿಗೆಯ ಬಗ್ಗೆ ಅವನು ಬರೆದಿರುವುದಂತೂ ಯಾವ ಕಲ್ಪನೆಗಿಂತಲೂ ಸೊಗಸು. ಸೈನಿಕರು ಹಾರೆ, ಗುದ್ದಲಿ ಹಿಡಿದು ಗೋಡೆಯ ಕಲ್ಲು ಕೀಳುತ್ತಾರೆ. ಕಿತ್ತ ಕಲ್ಲನ್ನು ದಂಡಿನ ಮುಖಂಡರು ಗಾತ್ರ ನೋಡಿ 10ರಿಂದ 50 ‘ಹಣ’ದವರೆಗೆ (ಆ ಕಾಲದ ಸಣ್ಣ ನಾಣ್ಯ) ಕೊಟ್ಟು ಕೊಳ್ಳುತ್ತಾರೆ. ಕೋಟೆಯ ಮೇಲಿಂದ ತಲೆ ಹಾಕಿದವರನ್ನು ಕ್ರಿಸ್ತೊವಾವೊ ದ ಫಿಗೆರೆದೊ ಎಂಬ ಪೋರ್ಚುಗೀಸನ ಕೋವಿಗಾರರು ಹೊಡೆದು ಬೀಳಿಸುತ್ತಾರೆ, ಕಲ್ಲು ಕೀಳುವವರಿಗೆ ಕೆಲಸ ಸಲೀಸಾಗುತ್ತದೆ. ಒಂದು ಇಡೀ ಅಧ್ಯಾಯಕ್ಕೆ ಇಷ್ಟು ಸರಕು ಸಿದ್ಧವಾಗಿ ಬಿದ್ದಿರುವಾಗ ಅದನ್ನು ಮುಟ್ಟದೆ ಬಿಡುವುದು ನಷ್ಟ.

ಹೆಚ್ಚು ಬೇಸರ ತರಿಸುವುದು ನಿಜಾಮನ ಕಾಲದ ಕಥೆಗಳು. ರಾಯಚೂರು, ಕೊಪ್ಪಳ, ಗಂಗಾವತಿ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಹೊಳೆಯ ಆಚೆ ದಡದ ಕಂಪ್ಲಿ, ಹೊಸಪೇಟೆ, ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಗಂಗಾವತಿಯಿಂದ ಕಂಪ್ಲಿಗೆ ಹೋಗುವುದೆಂದರೆ ಬೇರೆ ಸರ್ಕಾರದ ಸೀಮೆಗೆ ಕಾಲಿಟ್ಟಂತೆ: ಕರೋಡಗಿರಿ ನಾಕಾದಲ್ಲಿ (ಸುಂಕದ ಕಟ್ಟೆ) ಸರಕಿಗೆ ಸುಂಕ, ಈ ಕಡೆ ನಿಜಾಮನ ನಾಣ್ಯವಾದ ಹಾಲಿ ಸಿಕ್ಕಾ, ಆ ಕಡೆ ಬ್ರಿಟಿಷ್ ರೂಪಾಯಿ. ಸುಮಾರು 7 ಹಾಲಿ ಸಿಕ್ಕಾ ರೂಪಾಯಿಗೆ 6 ಬ್ರಿಟಿಷ್ ರೂಪಾಯಿ. ಕಚೇರಿಯ ಕಾಗದವೂ ಇಲ್ಲಿ ಉರ್ದು. ಊರ ಲೆಕ್ಕ ಬರೆಯುವವನು ಈ ದಡದಲ್ಲಿ ಪಟ್ವಾರಿ, ಆ ದಡದಲ್ಲಿ ಕರಣಂ. ಕಾದಂಬರಿಗಳಲ್ಲಿ ಎರಡೂ ಕಡೆ ಹಳೇ ಮೈಸೂರಿನ ಶಾನುಭೋಗರೇ ಕುಳಿತಿರುತ್ತಾರೆ. 1947ರ ಆಗಸ್ಟ್ 15ರಂದು ರಾಯಚೂರಿನ ಸರ್ಕಾರಿ ಶಾಲೆಯಲ್ಲಿ ತ್ರಿವರ್ಣ ಧ್ವಜ ಹಾರಿಸಿ ಮಿಠಾಯಿ ಹಂಚುವ ದೃಶ್ಯವನ್ನು ಬರೆಯಲೇಬಾರದು. ಆ ದಿನ ಇಲ್ಲಿ ಧ್ವಜ ಹಾರಿಸಿದವರು ಜೈಲು ಕಂಡರು. ನಿಜಾಮನ ಆಡಳಿತದಿಂದ ನಮಗೆ ಬಿಡುಗಡೆ ಸಿಕ್ಕಿದ್ದು 1948ರ ಸೆಪ್ಟೆಂಬರ್ 17ಕ್ಕೆ, ಆ 13 ತಿಂಗಳಲ್ಲಿ ಈ ಜನ ಉಂಡ ಸಂಕಟವನ್ನು ಒಂದು ತಪ್ಪು ತಾರೀಖು ಅಳಿಸಿಹಾಕುತ್ತದೆ. 1950ರ ಕಥೆಯಲ್ಲಿ ‘ಕೊಪ್ಪಳ ಜಿಲ್ಲೆ’ ಎಂದು ಬರೆಯುವುದೂ ಇದೇ ಬಗೆಯ ತಪ್ಪು. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ.

ಸಂಭಾಷಣೆಯ ವಿಷಯ ಬೇರೆಯೇ ಪತ್ರ ಬೇಡುತ್ತದೆ. ಬಳ್ಳಾರಿಯವನಿಗೂ ಸಿಂಧನೂರಿನವನಿಗೂ ಧಾರವಾಡದ ಮಾತು ಆಡಿಸಿದರೆ ಉತ್ತರ ಕರ್ನಾಟಕ ಬಂತು ಎಂದುಕೊಳ್ಳುವುದು ಸರಿಯಲ್ಲ, ಇಷ್ಟು ಸಾಕು.

ಇದನ್ನೆಲ್ಲ ಸರಿಪಡಿಸುವುದು ಕಷ್ಟವಿಲ್ಲ. ಪಾಯಸ್, ನೂನಿಜರ ಬರಹಗಳು ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಚರಿತ್ರೆಯಲ್ಲಿ ಇಂಗ್ಲಿಷಿನಲ್ಲಿ ಪೂರ್ತಿ ಇವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕೈಗೆಟಕುವಷ್ಟು ಹತ್ತಿರದಲ್ಲಿದೆ. ಹಸ್ತಪ್ರತಿಯನ್ನು ಅಚ್ಚಿಗೆ ಕೊಡುವ ಮೊದಲು ಈ ಭಾಗದ ಹಿರಿಯರೊಬ್ಬರಿಗೆ ಓದಲು ಕೊಡಬೇಕು, ಮೊದಲ ಪುಟದಲ್ಲಿ ಕಥೆಯ ಕಾಲದ ಗಡಿ ತೋರಿಸುವ ಒಂದು ನಕ್ಷೆ ಹಾಕಬೇಕು. ಅಚ್ಚಾಗಿ ಹೋದ ಪುಸ್ತಕಗಳನ್ನು ಪ್ರಕಾಶಕರು ಮುಂದಿನ ಮುದ್ರಣದಲ್ಲಾದರೂ ತಿದ್ದಲಿ.

— ಒಬ್ಬ ಓದುಗ, ಗಂಗಾವತಿ, ಕೊಪ್ಪಳ ಜಿಲ್ಲೆ